ಕಣ್ಣಿನ ಕ್ಯಾಂಪಿನ ಪೋಸ್ಟರ್ ಓದೋರು ಯಾರು?

ನಾನು ಮಾಡಿದ ಮೊದಲ ಪುಕ್ಕಟೆ ಪೋಸ್ಟರ್ ಒಂದು ಕಣ್ಣಿನ ಕ್ಯಾಂಪಿನದ್ದು. ಹಾಸನದಲ್ಲಿ ಡಿಟಿಪಿ ಅಂಗಡಿ ಇಟ್ಟು ಆಗ ಎರಡು ವರ್ಷವಾಗಿತ್ತು. ಮದುವೆ ಕಾರ್ಡು, ಬಿಲ್ ಬುಕ್ಕು, ಹುಟ್ಟುಹಬ್ಬದ ಫ್ಲೆಕ್ಸು ಮಾಡಿ ಮಾಡಿ ಬೇಜಾರಾಗಿದ್ದವನಿಗೆ ಒಳ್ಳೆ ಕೆಲಸ ಸಿಕ್ಕಿತು ಅಂತ ಖುಷಿ. ಕಡು ನೀಲಿ ಹಿನ್ನೆಲೆ, ಅದರ ಮೇಲೆ ಆಕಾಶಬಣ್ಣದ ತೆಳು ಅಕ್ಷರ, ಮೂಲೆಯಲ್ಲಿ ಹೊಳೆಯುವ ಒಂದು ಕಣ್ಣು. ಕೆಳಗೆ ಸಂಘಟಕರ ಹನ್ನೊಂದು ಫೋಟೋ, ದುಂಡಗೆ ಕತ್ತರಿಸಿ ಸಾಲಾಗಿ. ದುದ್ದದ ಹತ್ತಿರದ ಒಂದು ಊರಿನ ಹಾಲಿನ ಡೈರಿ ಗೋಡೆಗೆ ಅದನ್ನು ನಾನೇ ಅಂಟಿಸಿದೆ. ಹಾಲು ಹಾಕಲು ಬಂದ ಅಜ್ಜಿಯೊಬ್ಬರು ಕ್ಯಾನು ಕೆಳಗಿಟ್ಟು, ಹಣೆಗೆ ಕೈ ಅಡ್ಡ ಹಿಡಿದು ನೋಡಿದರು. "ಯಾರಪ್ಪಾ ತೀರ್ಕೊಂಡಿರೋದು?" ಅಂದರು.

ದುಂಡು ಫೋಟೋಗಳ ಸಾಲನ್ನು ಅವರು ನೋಡಿದ್ದು ಎರಡೇ ಕಡೆ. ಒಂದು ಹುಟ್ಟುಹಬ್ಬದ ಫ್ಲೆಕ್ಸು, ಇನ್ನೊಂದು ಭಾವಪೂರ್ಣ ಶ್ರದ್ಧಾಂಜಲಿ. ಕಡು ಬಣ್ಣ ನೋಡಿ ಎರಡನೆಯದೇ ಇರಬೇಕು ಅಂದುಕೊಂಡಿದ್ದರು. ಅವರ ಬಲಗಣ್ಣಿನ ಪೊರೆ ನನಗೇ ಬೆಳ್ಳಗೆ ಕಾಣುತ್ತಿತ್ತು. ಆ ಪೋಸ್ಟರ್ ಮಾಡಿದ್ದೇ ಅವರಂಥವರಿಗಾಗಿ.

ಅಲ್ಲಿಂದೀಚೆಗೆ ಕಣ್ಣು, ರಕ್ತ, ಹೃದಯ ಅಂತ ವರ್ಷಕ್ಕೆ ಒಂದಷ್ಟು ಇಂಥ ಕೆಲಸ ಮಾಡುತ್ತಾ ಬಂದಿದ್ದೇನೆ. ಡಿಸೈನ್ ಕಲಿತ ಹುಡುಗ ಹುಡುಗಿಯರು ಅಂಗಡಿಗೆ ಬಂದು, "ಅಣ್ಣಾ, ದುಡ್ಡು ಕೊಡೋಕಾಗಲ್ಲ, ಕೆಲಸ ಬರುತ್ತೆ, ಏನಾದ್ರೂ ಮಾಡ್ತೀವಿ" ಅನ್ನುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳುತ್ತಿದ್ದುದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಕಣ್ಣಿನ ಕ್ಯಾಂಪನ್ನೇ ಉದಾಹರಣೆಗೆ ಹಿಡಿದಿದ್ದೇನೆ. ಓದಬೇಕಾದವರಿಗೇ ಸರಿಯಾಗಿ ಕಣ್ಣು ಕಾಣದ ಪೋಸ್ಟರ್ ಅದು. ಅದು ಕೈಗೆ ಹತ್ತಿದರೆ ಮಿಕ್ಕಿದ್ದು ಸಲೀಸು.

ಪೊರೆ ಬಂದ ಕಣ್ಣಿಗೆ ಹೇಗೆ ಕಾಣುತ್ತದೆ

ಕಣ್ಣಿನ ಮೇಲೆ ಬೆಳೆಯುವ ಪದರವೇ ಪೊರೆ ಅಂತ ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಹಾಗಲ್ಲ. ಕಣ್ಣಿನೊಳಗೆ ಕ್ಯಾಮೆರಾಕ್ಕಿರುವ ಹಾಗೆ ಒಂದು ಲೆನ್ಸ್ ಇದೆ. ವಯಸ್ಸಾದಂತೆ ಅದರಲ್ಲಿರುವ ಪ್ರೋಟೀನ್ ಗಂಟು ಕಟ್ಟಿ ಆ ಲೆನ್ಸೇ ಮಬ್ಬಾಗುತ್ತದೆ. ಆಪರೇಷನ್ ಅಂದರೆ ಅದನ್ನು ತೆಗೆದು ಬೇರೆ ಲೆನ್ಸ್ ಕೂರಿಸುವುದು.

ನಮಗೆ ಬೇಕಾದ್ದು ಆ ಮಬ್ಬು ಏನೇನನ್ನು ನುಂಗುತ್ತದೆ ಅನ್ನುವುದು. ಲೆನ್ಸ್ ಹಳದಿ, ಕಂದು ಬಣ್ಣಕ್ಕೆ ತಿರುಗುವುದರಿಂದ ನೀಲಿ ಮಂಕಾಗುತ್ತದೆ. ನೀಲಿ ಮೇಲೆ ತೆಳು ನೀಲಿ ಬರೆದರೆ ಅಲ್ಲಿ ಏನೂ ಇಲ್ಲ ಅಂತಲೇ ಲೆಕ್ಕ. ಬೆಳಕು ಒಳಗೆ ಚದುರುವುದರಿಂದ ಮಿರುಗುವ ಕಾಗದ ಕಣ್ಣಿಗೆ ಚುಚ್ಚುತ್ತದೆ. ಡೈರಿ ಬಾಗಿಲಲ್ಲಿ ಬೆಳಗಿನ ಎಳೆಬಿಸಿಲು ಬಿದ್ದ ಗ್ಲಾಸಿ ಲ್ಯಾಮಿನೇಷನ್ ಅವರ ಪಾಲಿಗೆ ಒಂದು ಕನ್ನಡಿ. ಮ್ಯಾಟ್ ಕಾಗದ ಹಾಕಿಸಿ, ಇಲ್ಲವೇ ಲ್ಯಾಮಿನೇಷನ್ನೇ ಬೇಡ ಅನ್ನಿ. ಹಾಗಂತ ನನ್ನ ಕಡು ಹಿನ್ನೆಲೆಯೇ ತಪ್ಪು ಅಂತಲ್ಲ. ಕಪ್ಪು ಅಥವಾ ಕಡು ಬಣ್ಣದ ಮೇಲೆ ದಪ್ಪ ಬಿಳಿ ಅಕ್ಷರ ಇಂಥ ಕಣ್ಣಿಗೆ ಎಷ್ಟೋ ಸಲ ಹಿತವಾಗಿಯೇ ಇರುತ್ತದೆ. ತಪ್ಪಿದ್ದು ಅಕ್ಷರದ ಬಣ್ಣ, ಮತ್ತು ಗಾತ್ರ.

ಗಾತ್ರಕ್ಕೆ ಒಂದು ಚೆಂದದ ಲೆಕ್ಕ ಇದೆ. ಅದು ಡಾಕ್ಟರ ಗೋಡೆ ಮೇಲೇ ನೇತಾಡುತ್ತಿರುತ್ತದೆ. ಮೇಲೆ ದೊಡ್ಡ ಅಕ್ಷರ, ಕೆಳಗೆ ಬರುಬರುತ್ತಾ ಸಣ್ಣ ಆಗುವ ಆ ಚಾರ್ಟನ್ನು ಸ್ನೆಲ್ಲೆನ್ ಅನ್ನುವ ಡಚ್ ವೈದ್ಯರು 1862ರಲ್ಲಿ ಮಾಡಿದರು. ನೋಟ 6/6 ಅಂದರೆ 6 ಮೀಟರ್ ದೂರದಿಂದ ಸುಮಾರು 9 ಮಿಲಿಮೀಟರ್ ಎತ್ತರದ ಅಕ್ಷರ ಓದಬಲ್ಲರು ಅಂತ. 6/60 ಅಂದರೆ ಅದರ ಹತ್ತು ಪಟ್ಟು ಬೇಕು, ಅಂದರೆ ಸುಮಾರು 9 ಸೆಂಟಿಮೀಟರ್. ಈಗ ಡೈರಿಗೆ ಬನ್ನಿ. ಜನ ಗೋಡೆಯಿಂದ ಒಂದೂವರೆ ಮೀಟರ್ ದೂರದಲ್ಲಿ ಸಾಲು ನಿಂತಿರುತ್ತಾರೆ. ದೂರ ಕಾಲುಭಾಗವಾಯಿತು, ಅಕ್ಷರವೂ ಕಾಲುಭಾಗ ಸಾಕು. 6/60 ನೋಟದವರಿಗೆ ಸುಮಾರು 22 ಮಿಲಿಮೀಟರ್.

ಈ ಲೆಕ್ಕ ಚಾರ್ಟಿನ ಇಂಗ್ಲಿಷ್ ಅಕ್ಷರಗಳದ್ದು. ನಮ್ಮ ಅಕ್ಷರದಲ್ಲಿ ಸುರುಳಿ, ಕೊಂಬು, ಒತ್ತು ಎಲ್ಲ ಇವೆಯಲ್ಲ, ಆದ್ದರಿಂದ ಇನ್ನೊಂದಿಷ್ಟು ಸೇರಿಸಿಕೊಳ್ಳಿ. 'ಪ' ಮತ್ತು 'ಷ', 'ಬ' ಮತ್ತು 'ಭ' ಮಬ್ಬಿನಲ್ಲಿ ಒಂದೇ. ಎ3 ಹಾಳೆಯ ಅಗಲ 297 ಮಿಲಿಮೀಟರ್. ಈ ಗಾತ್ರದಲ್ಲಿ ಬರೆದರೆ ಒಂದು ಸಾಲಿಗೆ ಹತ್ತು ಹನ್ನೆರಡು ಅಕ್ಷರ ಹಿಡಿದರೆ ಹೆಚ್ಚು. ಹನ್ನೊಂದು ಫೋಟೋಗೆ ಜಾಗ ಎಲ್ಲಿ ಬಂತು?

ಓದುವುದು ಒಬ್ಬರು, ಕೇಳುವುದು ಇನ್ನೊಬ್ಬರು

ಇಷ್ಟಾದರೂ ಎಷ್ಟೋ ಜನಕ್ಕೆ ಕಾಣುವುದಿಲ್ಲ. ಎಷ್ಟೋ ಜನಕ್ಕೆ ಓದಲೂ ಬರುವುದಿಲ್ಲ. ಅವರಿಗೆ ಓದಿ ಹೇಳುವುದು ಡೈರಿ ಸೆಕ್ರೆಟರಿ, ಆಶಾ ಕಾರ್ಯಕರ್ತೆ, ಇಲ್ಲವೇ ಸ್ಕೂಲಿಗೆ ಹೋಗುವ ಮೊಮ್ಮಗಳು. ಹಾಗಾಗಿ ಪೋಸ್ಟರಿನ ಮಾತು ಬಾಯಲ್ಲಿ ಹೇಳುವಂತಿರಬೇಕು. ಸಂಘಟಕರು ಕಳಿಸುವ ವಾಕ್ಯ ಸಾಮಾನ್ಯವಾಗಿ 'ಬೃಹತ್ ಉಚಿತ ನೇತ್ರ ತಪಾಸಣಾ ಹಾಗೂ ಶಸ್ತ್ರಚಿಕಿತ್ಸಾ ಶಿಬಿರ' ಅಂತ ಇರುತ್ತದೆ. ಏಳನೇ ಕ್ಲಾಸಿನ ಹುಡುಗಿ ಇದನ್ನು ಅಜ್ಜಿಗೆ ಓದಿ ಹೇಳುವುದನ್ನು ಕೇಳಿಸಿಕೊಳ್ಳಿ. 'ಶಸ್ತ್ರ' ಹತ್ತಿರ ತೊದಲುತ್ತಾಳೆ, ಅಜ್ಜಿಗೆ ಯಾವುದೋ ಕತ್ತಿಯ ಮಾತು ಕೇಳಿದ ಹಾಗಾಗುತ್ತದೆ. ನಾನು ಬರೆಯುವುದು 'ಕಣ್ಣಿನ ಪೊರೆ: ಉಚಿತ ತಪಾಸಣೆ, ಉಚಿತ ಆಪರೇಷನ್'. ಅಷ್ಟೇ.

ಪಲ್ಸ್ ಪೋಲಿಯೊ ನೆನಪಿಸಿಕೊಳ್ಳಿ. 1995ರಿಂದ ಮನೆಮನೆಗೆ ಬಂದ ಮಾತು 'ಎರಡು ಹನಿ'. ಲಸಿಕೆ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಅಂತ ಯಾವ ಬ್ಯಾನರೂ ಪಾಠ ಮಾಡಲಿಲ್ಲ. ಭಾನುವಾರ, ಐದು ವರ್ಷದೊಳಗಿನ ಮಗು, ಎರಡು ಹನಿ. ದೇಶದ ಕೊನೆಯ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ಅದರ ಹಿಂದೆ ಲಕ್ಷಾಂತರ ಜನರ ಓಡಾಟ ಇತ್ತು, ಬ್ಯಾನರ್ ಒಂದರಿಂದಲೇ ಆದದ್ದಲ್ಲ. ಆದರೆ ಆ ಓಡಾಡುವವರ ಬಾಯಿಗೆ ಸಲೀಸಾದ ಮಾತು ಕೊಟ್ಟಿದ್ದರು.

ಇನ್ನು ಏನು ಬರೆಯಬೇಕು ಅಂತ ಸಂಘಟಕರನ್ನು ಕೇಳಬೇಡಿ. ಅವರು ಅತಿಥಿಗಳ ಪಟ್ಟಿ ಕೊಡುತ್ತಾರೆ. ಕ್ಯಾಂಪಿಗೆ ಬರುವ ನರ್ಸ್ ಅಥವಾ ಕಣ್ಣಿನ ಸಹಾಯಕರನ್ನು ಕೇಳಿ: "ಹೋದ ಸಲ ಬಂದೋರು ಯಾಕೆ ವಾಪಸ್ ಹೋದ್ರು?" ನನಗೆ ಸಿಕ್ಕ ಉತ್ತರ ಕೇಳಿ ನಾಚಿಕೆಯಾಯಿತು. ತಪಾಸಣೆಗೆ ಕಣ್ಣಿಗೆ ಒಂದು ಹನಿ ಬಿಡುತ್ತಾರೆ. ಪಾಪೆ ಅಗಲವಾಗಿ ನಾಲ್ಕಾರು ಗಂಟೆ ಮಂಜಾಗಿಯೇ ಇರುತ್ತದೆ. ಒಬ್ಬರೇ ಬಂದವರು ಬಸ್ ಬೋರ್ಡ್ ಕಾಣದೆ ಸಂಜೆವರೆಗೆ ಕೂತಿದ್ದರಂತೆ. ಗಾಡಿ ಓಡಿಸಿಕೊಂಡು ಬಂದವರು ಹನಿ ಬೇಡ ಅಂತ ಎದ್ದು ಹೋಗಿದ್ದರಂತೆ. ಸಕ್ಕರೆ, ಬಿಪಿ ಮಾತ್ರೆ ಯಾವುದು ಅಂತ ಹೇಳಲು ಗೊತ್ತಾಗದೆ ಮುಂದಿನ ಸಲ ಬನ್ನಿ ಅನ್ನಿಸಿಕೊಂಡವರು ಇನ್ನಷ್ಟು. ನನ್ನ ಹೊಳೆಯುವ ಕಣ್ಣಿನ ಚಿತ್ರ ಇದ್ದ ಜಾಗದಲ್ಲಿ ಈಗ ಬರುವುದು ಈ ಸಾಲು: 'ಜೊತೆಗೆ ಒಬ್ಬರನ್ನು ಕರೆತನ್ನಿ. ತೆಗೆದುಕೊಳ್ಳುವ ಮಾತ್ರೆ ತನ್ನಿ. ಗಾಡಿ ಓಡಿಸಿಕೊಂಡು ಬರಬೇಡಿ.' ಅದರ ಪಕ್ಕ ಇಬ್ಬರು ಕೈ ಹಿಡಿದು ನಡೆಯುವ ಚಿತ್ರ.

ಕಾಫಿ ತೋಟದ ಕಡೆ ಚಿತ್ರವೇ ಮೊದಲು. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಹಣ್ಣು ಕೊಯ್ಯಲು ಈಗ ಅಸ್ಸಾಂನಿಂದಲೂ ಜನ ಬರುತ್ತಾರೆ. ತಮಿಳು ಮನೆಮಾತಿನವರು ಮೊದಲಿಂದ ಇದ್ದಾರೆ. ಅಲ್ಲಿ ಕನ್ನಡದ ಉದ್ದ ಸಾಲು ಗೋಡೆಗೆ ಅಲಂಕಾರ ಅಷ್ಟೇ. ಕಣ್ಣು, ಬಸ್ಸು, ಗಡಿಯಾರ, ಸೊನ್ನೆ ರೂಪಾಯಿ. ಈ ನಾಲ್ಕು ಚಿತ್ರ ಮತ್ತು ತಾರೀಖು ಸಾಕು. ಪೋಸ್ಟರ್ ಹಚ್ಚುವುದಾದರೆ ಬಟವಾಡೆ ದಿನ ಎಲ್ಲರೂ ಸಾಲು ನಿಲ್ಲುವ ಜಾಗಕ್ಕೆ ಹಚ್ಚಿ.

ಫೋಟೋ ಜಗಳ

ದಾನಿಗಳ ಫೋಟೋ ಬೇಡ ಅಂದರೆ ಕ್ಯಾಂಪೇ ನಡೆಯುವುದಿಲ್ಲ. ಇದು ವಾಸ್ತವ, ಇದರ ಜೊತೆ ಗುದ್ದಾಡಿ ಪ್ರಯೋಜನ ಇಲ್ಲ. ನಾನು ಎರಡು ಡಿಸೈನ್ ಮಾಡಿಕೊಡುತ್ತೇನೆ. ಊರೂರಿಗೆ ಹೋಗುವ ಪೋಸ್ಟರಿನಲ್ಲಿ ರೋಗಿಗೆ ಬೇಕಾದ್ದು ಮಾತ್ರ. ಕ್ಯಾಂಪಿನ ದಿನ ವೇದಿಕೆ ಹಿಂದೆ ಕಟ್ಟುವ ದೊಡ್ಡ ಬ್ಯಾನರಿನಲ್ಲಿ ಎಲ್ಲರ ಫೋಟೋ, ಎಲ್ಲರ ಬಿರುದು, ಬೇಕಾದರೆ ಹೂಮಾಲೆ. ಪೇಪರಿನಲ್ಲಿ ಬರುವುದು ಆ ಬ್ಯಾನರ್ ಮುಂದೆ ತೆಗೆದ ಫೋಟೋ ಅಂತ ನೆನಪಿಸಿದರೆ ಯಾರೂ ತಕರಾರು ಮಾಡುವುದಿಲ್ಲ.

ರೋಗಿಗಳ ಫೋಟೋ ವಿಷಯದಲ್ಲಿ ಮಾತ್ರ ನಾನು ಬಗ್ಗುವುದಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅಜ್ಜಿಯರನ್ನು ಸಾಲಾಗಿ ಕೂರಿಸಿ ತೆಗೆದ ಫೋಟೋ ಹಾಕಿ ಅಂತ ಕಳಿಸುತ್ತಾರೆ. ಅವರನ್ನು ಕೇಳಿದ್ದೀರಾ ಅಂದರೆ ಉತ್ತರ ಇಲ್ಲ. ಕೇಳಿ, ಎಲ್ಲಿ ಹಾಕುತ್ತೀವಿ ಅಂತ ಹೇಳಿ, ಒಪ್ಪಿಗೆ ಬರೆಸಿಕೊಂಡರೆ ಸರಿ. ಎಚ್‌ಐವಿ ಸಂಬಂಧದ ಕೆಲಸವಾದರಂತೂ ಒಪ್ಪಿಗೆ ಇಲ್ಲದೆ ಗುರುತು ಬಿಟ್ಟುಕೊಡುವುದನ್ನು 2017ರ ಕಾಯ್ದೆಯೇ ತಡೆಯುತ್ತದೆ.

ಕೆಂಪು ಕ್ರಾಸು ನಮ್ಮದಲ್ಲ

ಆಸ್ಪತ್ರೆ ಅಂದ ಕೂಡಲೇ ಬಿಳಿ ಮೇಲೆ ಕೆಂಪು ಕ್ರಾಸ್ ಹಾಕುವುದು ನಮ್ಮ ಕೈಗೆ ಅಂಟಿದ ಚಾಳಿ. ಅದು ಆರೋಗ್ಯದ ಸಾಮಾನ್ಯ ಚಿಹ್ನೆಯಲ್ಲ. ಯುದ್ಧಭೂಮಿಯಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುವವರ ಮೇಲೆ ಗುಂಡು ಹಾರಿಸಬೇಡಿ ಅಂತ ಹೇಳುವ ಗುರುತು. 1864ರ ಜಿನೀವಾ ಒಪ್ಪಂದದಲ್ಲಿ ಬಂದದ್ದು. ಸ್ವಿಟ್ಜರ್ಲೆಂಡಿನ ಬಾವುಟದ ಬಣ್ಣ ಅದಲು ಬದಲು ಮಾಡಿದರೆ ಸಿಗುವುದೇ ಅದು. ನಮ್ಮಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಪ್ರಕಾರ ಅದನ್ನು ಅನುಮತಿ ಇಲ್ಲದೆ ಬಳಸುವ ಹಾಗಿಲ್ಲ. ಮೆಡಿಕಲ್ ಸ್ಟೋರ್ ಬೋರ್ಡಿನಲ್ಲಿ, ಡಾಕ್ಟರ ಕಾರಿನಲ್ಲಿ ಎಲ್ಲ ಕಡೆ ಇದೆಯಲ್ಲ ಅಂತೀರಾ? ಇದೆ. ಅವೆಲ್ಲವೂ ತಪ್ಪೇ. ರೆಡ್ ಕ್ರಾಸ್ ಸಂಸ್ಥೆಯೇ ನಡೆಸುವ ಕ್ಯಾಂಪಾದರೆ ಅವರೇ ಚಿಹ್ನೆ ಕೊಡುತ್ತಾರೆ. ಮಿಕ್ಕಂತೆ ಕಣ್ಣಿನ ಕ್ಯಾಂಪಿಗೆ ಕಣ್ಣು, ರಕ್ತದಾನಕ್ಕೆ ಒಂದು ಹನಿ.

'ನೂರಕ್ಕೆ ನೂರು ಗುಣ' ಅನ್ನುವ ಸಾಲೂ ಬೇಡ. 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಅಂತ ಒಂದಿದೆ. ಕೆಲವು ಕಾಯಿಲೆಗಳನ್ನು ವಾಸಿ ಮಾಡುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವುದನ್ನು ಅದು ತಡೆಯುತ್ತದೆ. ಆ ಪಟ್ಟಿಯಲ್ಲಿ ಕುರುಡು, ಕಣ್ಣಿನ ಪೊರೆ, ಕ್ಯಾನ್ಸರ್, ಸಕ್ಕರೆ ಕಾಯಿಲೆ ಎಲ್ಲ ಇವೆ. ಕ್ಯಾಂಪಿನ ಜೊತೆ ಯಾರೋ ತಮ್ಮ ಕಣ್ಣಿನ ಡ್ರಾಪ್ಸ್ ಪ್ರಚಾರ ಸೇರಿಸಿ ಅಂದರೆ ಅಲ್ಲೇ ಬೇಡ ಅನ್ನಿ.

ಪ್ಲಾಸ್ಟಿಕ್ ಫ್ಲೆಕ್ಸಿಗೆ ನಮ್ಮ ರಾಜ್ಯದಲ್ಲಿ 2016ರಿಂದ ನಿಷೇಧ ಇದೆ. ಬಟ್ಟೆ ಬ್ಯಾನರ್, ಕಾಗದದ ಪೋಸ್ಟರ್ ನೋಡಿಕೊಳ್ಳಿ. ಕಂಡ ಗೋಡೆಗೆ ಅಂಟಿಸುವುದಕ್ಕೂ 1981ರ ಕಾಯ್ದೆ ಅಡ್ಡ ಬರುತ್ತದೆ. ಡೈರಿ, ನ್ಯಾಯಬೆಲೆ ಅಂಗಡಿ, ಆಸ್ಪತ್ರೆಯವರನ್ನು ಕೇಳಿ ಒಳಗೇ ಹಚ್ಚುವುದು ಒಳ್ಳೇದು. ಮಳೆಯೂ ಬೀಳುವುದಿಲ್ಲ.

ಒತ್ತಕ್ಷರ ಒಡೆಯದಿರಲಿ

ಇದು ಸ್ವಲ್ಪ ಕಸುಬಿನ ಮಾತು. ಬೇಡದವರು ದಾಟಿಕೊಳ್ಳಿ.

ಒಂದು ಸಲ ಪೆನ್‌ಡ್ರೈವ್‌ನಲ್ಲಿ ಫೈಲ್ ಕೊಟ್ಟು ಮನೆಗೆ ಹೋದೆ. ಬೆಳಿಗ್ಗೆ ಪ್ರೆಸ್ಸಿನಿಂದ ಬಂದ ಐನೂರು ಕರಪತ್ರಗಳಲ್ಲಿ 'ಉಚಿತ' ಅಂತ ಇರಬೇಕಾದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ತಪ್ಪು ನನ್ನದೇ. ಹಳೆಯ ನುಡಿ, ಬರಹ ಅಕ್ಷರಗಳು ನಿಜಕ್ಕೂ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತ ಕನ್ನಡದ ಚಿತ್ರಗಳು. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಹೋದರೆ ಮುಖವಾಡ ಕಳಚುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಜಾಗ ಇದೆ, ಎಲ್ಲಿಗೆ ಹೋದರೂ ಕನ್ನಡವಾಗಿಯೇ ಇರುತ್ತದೆ. ಪ್ರೆಸ್ಸಿಗೆ ಕೊಡುವ ಮೊದಲು ಹೇಗೂ ಅಕ್ಷರಗಳನ್ನು ಕರ್ವ್ಸ್, ಅಂದರೆ ಫಾಂಟ್ ಬೇಡದ ಬರೀ ಆಕಾರ, ಮಾಡಿಬಿಡಿ. ತಿದ್ದಲು ಬರುವ ಮೂಲ ಫೈಲ್ ಬೇರೆ ಇಟ್ಟುಕೊಳ್ಳಿ. ಮುಂದಿನ ವರ್ಷ ತಾರೀಖು ಬದಲಿಸಲು ಅದೇ ಬೇಕು.

ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಈ ಮೂರೂ ಪುಕ್ಕಟೆ ಸಿಗುವ ಯೂನಿಕೋಡ್ ಅಕ್ಷರಗಳು. ಬಾಲೂ ತಮ್ಮ ದಪ್ಪಗೆ, ದುಂಡಗೆ ಇದ್ದು ದೂರಕ್ಕೆ ಚೆನ್ನಾಗಿ ಕಾಣುತ್ತದೆ. ಫೋಟೋಶಾಪ್‌ನಲ್ಲಿ ಒತ್ತಕ್ಷರ ಪಕ್ಕಕ್ಕೆ ಜಾರಿ ಕೂತರೆ ಟೈಪ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್ ರೆಡಿ ಲೇಔಟ್ ಆನ್ ಮಾಡಿ ನೋಡಿ. ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳಲಾಗದವರಿಗೆ ಇಂಕ್‌ಸ್ಕೇಪ್ ಇದೆ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲುವುದಿಲ್ಲ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಗುದ್ದುತ್ತದೆ. ಅಕ್ಷರದ ಗಾತ್ರದ ಒಂದೂವರೆ ಪಟ್ಟು ಇಟ್ಟರೆ ಉಸಿರಾಡುತ್ತದೆ.

ಹೆದರಿಕೆ ಹರಡಿದ ತಿಂಗಳು

2025ರ ಜೂನ್, ಜುಲೈ ಹಾಸನದವರು ಮರೆಯುವುದಿಲ್ಲ. ಸುಮಾರು ನಲವತ್ತು ದಿನದಲ್ಲಿ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರು ಅಂತ ಸುದ್ದಿ. ಅವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಜನ ಬೆಳಗಾಗುವ ಮೊದಲೇ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು. ವಾಟ್ಸಾಪ್‌ನಲ್ಲಿ ಕಪ್ಪು ಹಿನ್ನೆಲೆ, ಕೆಂಪು ಅಕ್ಷರ, ದಿನದಿನಕ್ಕೆ ಏರುವ ಸಂಖ್ಯೆ. ಅದನ್ನು ಮಾಡಿದವರೂ ನನ್ನ ಹಾಗೆ ಡಿಸೈನ್ ಬಲ್ಲವರೇ, ಅಲ್ವಾ?

ಸಂಖ್ಯೆಯನ್ನು ಒಂಟಿಯಾಗಿ ದೊಡ್ಡದು ಮಾಡಿ ಬರೆದರೆ ಅದು ಹೆದರಿಸುತ್ತದೆ. ಹೋದ ವರ್ಷ ಇದೇ ತಿಂಗಳು ಎಷ್ಟಿತ್ತು ಅಂತ ಪಕ್ಕದಲ್ಲಿ ಇಟ್ಟಾಗಲೇ ಅದಕ್ಕೆ ಅರ್ಥ. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ಮುಂದಾಳತ್ವದಲ್ಲಿ ಸಮಿತಿ ಮಾಡಿತು. ಹಾಸನದಲ್ಲಿ ಅಸಹಜ ಅನ್ನುವಂಥ ಏರಿಕೆ ಇಲ್ಲ ಅಂತ ಜುಲೈನಲ್ಲಿ ವರದಿ ಬಂತು. ಕೆಂಪು ಕಾರ್ಡುಗಳು ಹೋದಷ್ಟು ದೂರ ಆ ವರದಿ ಹೋಗಲಿಲ್ಲ.

ಆ ದಿನಗಳಲ್ಲಿ ಪರಿಚಯದ ಡಾಕ್ಟರೊಬ್ಬರು ಕೇಳಿದ್ದಕ್ಕೆ ಒಂದು ಕಾರ್ಡ್ ಮಾಡಿಕೊಟ್ಟೆ. ಸಾವಿನ ಮಾತಿಲ್ಲ, ಸಂಖ್ಯೆ ಇಲ್ಲ. ಅವರು ಹೇಳಿದ್ದು ಇಷ್ಟು: ನಮ್ಮ ಜನ ಎದೆ ಹಿಂಡಿದರೆ 'ಗ್ಯಾಸ್ಟ್ರಿಕ್ ಇರ್ಬೇಕು' ಅಂತ ಸೋಡಾ ಕುಡಿದು ಮಲಗುತ್ತಾರೆ. ಅಲ್ಲೇ ಹೊತ್ತು ಹೋಗುತ್ತದೆ. ಹಾಗಾಗಿ ಕಾರ್ಡಿನ ಮೊದಲ ಸಾಲು 'ಇದು ಗ್ಯಾಸ್ ಅಲ್ಲದೆಯೂ ಇರಬಹುದು'. ಕೆಳಗೆ ಎದೆ ಭಾರ, ಎಡಗೈ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆ ಬೆವರು, ಉಸಿರು ಕಟ್ಟುವುದು. ಕೊನೆಗೆ 108, ಮತ್ತು ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ. ಎದೆಯ ಚಿತ್ರಕ್ಕೆ ಬಿಳಿ ಹಿನ್ನೆಲೆ, ಒಂದೇ ಕಿತ್ತಳೆ ಬಣ್ಣ. ಮುಗಿಸಿದ ಮೇಲೆ ಡಾಕ್ಟರು ಸಾಲು ಸಾಲಾಗಿ ಓದಿ, 'ಸರಿ ಇದೆ' ಅಂತ ಬರೆದು ಕಳಿಸಿದರು. ಡಾಕ್ಟರ ಒಪ್ಪಿಗೆ ಇಲ್ಲದೆ ನಾನು ಯಾವ ಆರೋಗ್ಯದ ಕಾರ್ಡನ್ನೂ ಹೊರಗೆ ಬಿಡುವುದಿಲ್ಲ. ನಮಗೆ ಗೊತ್ತಿರುವುದು ಅಕ್ಷರ ಮಾತ್ರ.

ರಕ್ತ, ಕಣ್ಣುದಾನ, ಹಣ

ರಕ್ತದಾನದ ಪೋಸ್ಟರಿನಲ್ಲಿ 'ಜೀವ ಉಳಿಸಿ' ಅಂತ ಇರುತ್ತದೆ, ಯಾರು ಕೊಡಬಹುದು ಅಂತ ಇರುವುದಿಲ್ಲ. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಇವೆಲ್ಲ ಒಂದೇ ಸಾಲಿನಲ್ಲಿ ಬರೆದರೆ ಕಾಲೇಜಿನ ಮಕ್ಕಳು ತಮ್ಮ ಲೆಕ್ಕ ತಾವೇ ಹಾಕಿಕೊಂಡು ಬರುತ್ತಾರೆ. ಪ್ಲೇಟ್‌ಲೆಟ್ 5 ದಿನ ಮಾತ್ರ ಇಡಬಹುದು ಅನ್ನುವ ಸಾಲನ್ನೂ ಹಾಕಿ. ಆಗಾಗ ಕ್ಯಾಂಪ್ ಯಾಕೆ ಅನ್ನುವ ಪ್ರಶ್ನೆಗೆ ಅದೇ ಉತ್ತರ.

ಕಣ್ಣುದಾನಕ್ಕೆ ನಾವು ಕಷ್ಟಪಟ್ಟು ಮನವರಿಕೆ ಮಾಡಬೇಕಿಲ್ಲ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ಕು ಜನಕ್ಕೆ ನೋಟ ಬಂದದ್ದು ಎಲ್ಲರಿಗೂ ಗೊತ್ತು. ಪೋಸ್ಟರ್ ಹೇಳಬೇಕಾದ್ದು ಗೊತ್ತಿಲ್ಲದ ಸಂಗತಿಯನ್ನು: ಸತ್ತ 6 ಗಂಟೆಯೊಳಗೆ ಫೋನ್ ಮಾಡಬೇಕು, ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಬೇಕು. ಮತ್ತು ಫೋನ್ ನಂಬರ್, ಆದಷ್ಟು ದೊಡ್ಡದಾಗಿ.

ಹಣ ಕೇಳುವ ಪೋಸ್ಟರ್ ಬೇರೆ, ಜನ ಕರೆಯುವ ಪೋಸ್ಟರ್ ಬೇರೆ. ಎರಡನ್ನೂ ಬೆರೆಸಿದರೆ ಉಚಿತ ಅನ್ನುವ ಮಾತಿನ ಮೇಲೇ ಅನುಮಾನ ಬರುತ್ತದೆ. ಕ್ಯೂಆರ್ ಕೋಡ್ ಹಾಕುವುದಾದರೆ ಪ್ರಿಂಟ್ ಆದ ಹಾಳೆಯ ಮೇಲೇ ಸ್ಕ್ಯಾನ್ ಮಾಡಿ ಒಂದು ರೂಪಾಯಿ ಹಾಕಿ ನೋಡಿ. ಸ್ಕ್ಯಾನ್ ಮಾಡಿದಾಗ ಸಂಸ್ಥೆಯ ಹೆಸರೇ ಬರಬೇಕು, ಖಜಾಂಚಿಯ ಹೆಸರಲ್ಲ.

ಪುಕ್ಕಟೆ ಕೆಲಸಕ್ಕೆ ಹತ್ತು ಯಜಮಾನರು

ಇದಕ್ಕೆ ಮದ್ದು ಒಂದೇ, ಮೊದಲೇ ಮಾತಾಡಿಕೊಳ್ಳುವುದು. ಡಿಸೈನ್ ನನ್ನದು, ಪ್ರಿಂಟಿನ ಖರ್ಚು ನಿಮ್ಮದು. ತಿದ್ದುಪಡಿ ಎರಡು ಸಲ. ಕೊನೆಯ ಮಾತು ಒಬ್ಬರದೇ, ಅವರ ಹೆಸರು ಈಗಲೇ ಹೇಳಿ. ಪ್ರೂಫಿನ ಮೇಲೆ ತಾರೀಖು, ವಾರ, ಜಾಗ, ಫೋನ್ ನಂಬರಿಗೆ ಪೆನ್ನಿನಲ್ಲಿ ಟಿಕ್ ಹಾಕಿಸಿಕೊಳ್ಳಿ. 'ಹದಿನಾಲ್ಕನೇ ತಾರೀಖು ಭಾನುವಾರ' ಅಂತ ಬರೆದು ಹದಿನಾಲ್ಕು ಶನಿವಾರ ಬಿದ್ದಿದ್ದರೆ ಎರಡು ದಿನವೂ ಜನ ಬರುತ್ತಾರೆ. ಮತ್ತೆ, ಹಾಸನಾಂಬ ದೇವಸ್ಥಾನ ತೆಗೆದಿರುವ ದಿನಗಳಲ್ಲಿ ಊರೊಳಗೆ ಕ್ಯಾಂಪ್ ಇಡಬೇಡಿ ಅಂತ ಹೇಳುವ ಹಕ್ಕೂ ನಮಗಿದೆ. ಆ ಜನಜಂಗುಳಿಯಲ್ಲಿ ಕಣ್ಣು ಸರಿ ಇದ್ದವರೇ ದಾರಿ ತಪ್ಪುತ್ತಾರೆ.

ಈಗ ನಾನು ಪೋಸ್ಟರ್ ಜೊತೆ ಹೆಸರು ಬರೆಸುವ ಫಾರಂ ಕೂಡ ಮಾಡಿಕೊಡುತ್ತೇನೆ. ಅದರಲ್ಲಿ 'ಹೇಗೆ ಗೊತ್ತಾಯಿತು' ಅಂತ ಒಂದು ಕಾಲಂ. ಹೋದ ಕ್ಯಾಂಪಿನ ಫಾರಂಗಳನ್ನು ತಂದು ಅಂಗಡಿಯಲ್ಲಿ ಕೂತು ನೋಡಿದೆ. 'ಪೋಸ್ಟರ್ ನೋಡಿ' ಅಂತ ಬರೆಸಿದವರು ಬೆರಳೆಣಿಕೆಯಷ್ಟು. 'ಡೈರೀಲಿ ಹೇಳಿದ್ರು', 'ಆಶಾ ಮೇಡಂ', 'ಸೊಸೆ', 'ಮೊಮ್ಮಗ ಓದಿದ'. ಮುಂದಿನ ಸಲಕ್ಕೆ ಇನ್ನೊಂದು ಸಣ್ಣ ಚೀಟಿ ಮಾಡುತ್ತಿದ್ದೇನೆ, ಡೈರಿ ಸೆಕ್ರೆಟರಿ ಹಾಲಿನ ಲೆಕ್ಕ ಬರೆಯುತ್ತಾ ಜೋರಾಗಿ ಓದಿ ಹೇಳಲು ಮೂರು ಸಾಲಿನದು.